ಕಡಿವಾಣ ಸಡಿಲಿಸಿದಾಗ ಹೃದಯಕ್ಕೆ ಬಲ: ಅಡ್ರಿನಲಿನ್ ಮತ್ತು ಕ್ಯಾಲ್ಸಿಯಂ ಚಾನೆಲ್

1991ರಲ್ಲಿ ಪ್ರಕಟವಾದ ‘ಪ್ರಾಮಿಸ್’ ಅಧ್ಯಯನದ ಫಲಿತಾಂಶ ಹೃದ್ರೋಗ ತಜ್ಞರ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ತೀವ್ರ ಹೃದಯ ವೈಫಲ್ಯವಿದ್ದ 1,088 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಿಲ್ರಿನೋನ್ ಗುಳಿಗೆ ಕೊಡಲಾಗಿತ್ತು, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ಮಿಲ್ರಿನೋನ್ ಹೃದಯದ ಸಂಕೋಚನಕ್ಕೆ ಬಲ ತುಂಬುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸೋತ ಹೃದಯಕ್ಕೆ ಬಲ ಕೊಟ್ಟರೆ ಆಯುಷ್ಯವೂ ಹೆಚ್ಚಬೇಕಲ್ಲ? ಹಾಗಾಗಲಿಲ್ಲ. ಮಿಲ್ರಿನೋನ್ ತೆಗೆದುಕೊಂಡವರಲ್ಲಿ ಸಾವು ಶೇ 28ರಷ್ಟು ಹೆಚ್ಚಾಯಿತು. ಎಂಟು ವರ್ಷಗಳ ಬಳಿಕ, 1999ರಲ್ಲಿ, ಇದಕ್ಕೆ ವಿರುದ್ಧ ದಿಕ್ಕಿನ ಔಷಧಗಳ ಫಲಿತಾಂಶ ಬಂತು. ಅಡ್ರಿನಲಿನ್‌ನ ಪ್ರಭಾವವನ್ನು ತಡೆಯುವ ಬೀಟಾ ಬ್ಲಾಕರ್‌ಗಳು, ಅಂದರೆ ‘ಮೆರಿಟ್-ಎಚ್‌ಎಫ್’ನಲ್ಲಿ ಮೆಟೊಪ್ರೊಲಾಲ್, ‘ಸಿಬಿಸ್-2’ರಲ್ಲಿ ಬೈಸೊಪ್ರೊಲಾಲ್, ಇದೇ ರೋಗದಲ್ಲಿ ಸಾವನ್ನು ಶೇ 34ರಷ್ಟು ತಗ್ಗಿಸಿದ್ದವು.

ಬಲ ಕೊಡುವ ಔಷಧ ಪ್ರಾಣ ತೆಗೆಯಿತು, ಬಲ ತಗ್ಗಿಸುವ ಔಷಧ ಪ್ರಾಣ ಉಳಿಸಿತು. ಏಕೆ ಎಂದು ತಿಳಿಯಬೇಕಾದರೆ ಅಡ್ರಿನಲಿನ್‌ನ ಸಂದೇಶ ಹೃದಯದ ಜೀವಕೋಶದೊಳಗೆ ಯಾವ ದಾರಿಯಲ್ಲಿ ಸಾಗಿ ಕ್ಯಾಲ್ಸಿಯಂ ಚಾನೆಲ್ (ಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಒಳಬಿಡುವ ಬಾಗಿಲು) ತಲುಪುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಆ ದಾರಿಯ ಕೊನೆಯ ಹೆಜ್ಜೆ 2020ರವರೆಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಹೃದಯಕ್ಕೆ ಬಲ ಕೊಡುವ ಔಷಧಗಳನ್ನು ಬೇರೆ ರೀತಿಯಲ್ಲಿ ರೂಪಿಸಬಹುದೇ ಎಂಬ ಚರ್ಚೆ ಮತ್ತೆ ತೆರೆದುಕೊಂಡಿದೆ.

ಒಂದು ಬಡಿತದ ಲೆಕ್ಕ

ಹೃದಯ ಬಡಿಯಲು ಕ್ಯಾಲ್ಸಿಯಂ ಬೇಕೇ ಬೇಕು ಎಂದು 1883ರಲ್ಲಿ ತೋರಿಸಿಕೊಟ್ಟವರು ಲಂಡನ್ನಿನ ಸಿಡ್ನಿ ರಿಂಗರ್. ನಲ್ಲಿ ನೀರಿನಲ್ಲಿ ತಯಾರಿಸಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಚೆನ್ನಾಗಿ ಬಡಿಯುತ್ತಿತ್ತು, ಭಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಿದ ದ್ರಾವಣದಲ್ಲಿ ನಿಲ್ಲುತ್ತಿತ್ತು. ವ್ಯತ್ಯಾಸ ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂನದು.

ಈಗ ನಮಗೆ ಪ್ರಮಾಣಗಳೂ ಗೊತ್ತು. ಜೀವಕೋಶದ ಹೊರಗೆ ಸ್ವತಂತ್ರ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್, ವಿಶ್ರಾಂತಿಯಲ್ಲಿರುವ ಕೋಶದ ಒಳಗೆ ಸುಮಾರು 100 ನ್ಯಾನೊಮೋಲಾರ್. ಅಂದರೆ ಹೊರಗೆ ಇರುವುದು ಒಳಗಿನದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ವಿದ್ಯುತ್ ಅಲೆ ಬಂದು ಪೊರೆಯ ವೋಲ್ಟೇಜ್ ಮೈನಸ್ 40 ಮಿಲಿವೋಲ್ಟ್ ದಾಟುತ್ತಿದ್ದಂತೆ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆಯತೊಡಗುತ್ತವೆ. ಸೊನ್ನೆ ಮತ್ತು ಪ್ಲಸ್ 10 ಮಿಲಿವೋಲ್ಟ್ ನಡುವೆ ಒಳಹರಿವು ಗರಿಷ್ಠ. ಹೀಗೆ ನುಗ್ಗಿದ ಕ್ಯಾಲ್ಸಿಯಂ ತಾನೇ ಸ್ನಾಯುವನ್ನು ಪೂರ್ತಿ ಕುಗ್ಗಿಸುವುದಿಲ್ಲ, ಅಷ್ಟು ಪ್ರಮಾಣ ಅದರಲ್ಲಿಲ್ಲ. ಕೇವಲ 12ರಿಂದ 15 ನ್ಯಾನೊಮೀಟರ್ ದೂರದಲ್ಲಿ ಕೋಶದೊಳಗಿನ ಕ್ಯಾಲ್ಸಿಯಂ ಸಂಗ್ರಹವಿದೆ. ಅದರ ಗೋಡೆಯಲ್ಲಿ ರಯನೋಡಿನ್ ಗ್ರಾಹಕಗಳೆಂಬ ಬಾಗಿಲುಗಳಿವೆ. ಒಳಬಂದ ಕ್ಯಾಲ್ಸಿಯಂ ಅವನ್ನು ತೆರೆಸುತ್ತದೆ, ಸಂಗ್ರಹದಿಂದ ಇನ್ನೂ ಹಲವು ಪಟ್ಟು ಕ್ಯಾಲ್ಸಿಯಂ ಹೊರಬೀಳುತ್ತದೆ, ಒಳಗಿನ ಮಟ್ಟ ಸುಮಾರು 1 ಮೈಕ್ರೊಮೋಲಾರ್‌ಗೆ ಏರುತ್ತದೆ, ಸ್ನಾಯು ಕುಗ್ಗುತ್ತದೆ. ಬಳಿಕ ಸರ್ಕಾ ಎಂಬ ಪಂಪ್ ಅದರ ಬಹುಪಾಲನ್ನು ಮತ್ತೆ ಸಂಗ್ರಹಕ್ಕೆ ಎಳೆದುಕೊಳ್ಳುತ್ತದೆ. ಉಳಿದುದನ್ನು ಸೋಡಿಯಂ-ಕ್ಯಾಲ್ಸಿಯಂ ವಿನಿಮಯಕಾರಿ ಹೊರಹಾಕುತ್ತದೆ. ಮನುಷ್ಯರಲ್ಲಿ ಈ ಹಂಚಿಕೆ ಸರಿಸುಮಾರು ಶೇ 70 ಮತ್ತು ಶೇ 28. ಇಲಿಯಲ್ಲಿ ಪಂಪಿನ ಪಾಲೇ ಶೇ 92ರಷ್ಟು. ಇಲಿಯ ಹೃದಯದಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ನೇರವಾಗಿ ಅನ್ವಯಿಸುವಂತಿಲ್ಲ ಎನ್ನುವುದಕ್ಕೆ ಇದೊಂದೇ ಅಂಕಿ ಸಾಕು.

ಪ್ರತಿ ಬಡಿತದಲ್ಲಿ ಚಾನೆಲ್ ಮೂಲಕ ಒಳಬಂದಷ್ಟೇ ಕ್ಯಾಲ್ಸಿಯಂ ಹೊರಹೋಗಬೇಕು. ಹೋಗದಿದ್ದರೆ ಅದು ಬಡಿತದಿಂದ ಬಡಿತಕ್ಕೆ ಒಳಗೇ ಶೇಖರವಾಗುತ್ತದೆ. ಈ ಮಾತು ಮುಂದೆ ಔಷಧಗಳ ವಿಷಯಕ್ಕೆ ಬಂದಾಗ ಮುಖ್ಯವಾಗುತ್ತದೆ.

ಸಂದೇಶದ ದಾರಿ

ಭಯವಾದಾಗ, ಮೆಟ್ಟಿಲು ಹತ್ತುವಾಗ, ಬಸ್ಸಿನ ಹಿಂದೆ ಓಡುವಾಗ ಎರಡು ಮೂಲಗಳಿಂದ ಹೃದಯಕ್ಕೆ ಸುದ್ದಿ ಮುಟ್ಟುತ್ತದೆ. ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಅಡ್ರಿನಲಿನ್ ರಕ್ತದ ಮೂಲಕ ಬರುತ್ತದೆ. ಹೃದಯದೊಳಗೇ ಹರಡಿಕೊಂಡಿರುವ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಸ್ಥಳದಲ್ಲೇ ಬಿಡುಗಡೆಯಾಗುತ್ತದೆ. ಇದು ನರಪ್ರೇಷಕವಾದರೂ ಮಾಡುವ ಕೆಲಸ ಹಾರ್ಮೋನಿನದೇ. ಆರೋಗ್ಯವಂತ ಹೃದಯದಲ್ಲಿ ಇವೆರಡನ್ನೂ ಹಿಡಿಯುವುದು ಮುಖ್ಯವಾಗಿ ಕೋಶದ ಪೊರೆಯಲ್ಲಿರುವ ಬೀಟಾ-1 ಗ್ರಾಹಕ ಎಂಬ ಪ್ರೊಟೀನ್.

ಗ್ರಾಹಕ ತನ್ನ ಒಳಬದಿಯಲ್ಲಿರುವ ಜಿಎಸ್ ಪ್ರೊಟೀನನ್ನು ಚುರುಕುಗೊಳಿಸುತ್ತದೆ. ಅದು ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ. ಇದನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ 1971ರ ನೊಬೆಲ್ ಬಂತು. ಸೈಕ್ಲಿಕ್ ಎಎಂಪಿ ಹೋಗಿ ಪ್ರೊಟೀನ್ ಕೈನೇಸ್ ಎ, ಅಂದರೆ ಪಿಕೆಎ ಎಂಬ ಇನ್ನೊಂದು ಕಿಣ್ವವನ್ನು ಬಿಡಿಸುತ್ತದೆ. ಪಿಕೆಎ ಮಾಡುವುದು ಒಂದೇ ಕೆಲಸ: ಬೇರೆ ಪ್ರೊಟೀನುಗಳ ನಿರ್ದಿಷ್ಟ ಜಾಗಗಳಿಗೆ ಫಾಸ್ಫೇಟ್ ಅಂಟಿಸುವುದು.

ಅಡ್ರಿನಲಿನ್ ಹೃದಯದ ಕ್ಯಾಲ್ಸಿಯಂ ವಿದ್ಯುತ್ ಪ್ರವಾಹವನ್ನು ಹೆಚ್ಚಿಸುತ್ತದೆ ಎಂದು ಹರಾಲ್ಡ್ ರಾಯ್ಟರ್ 1967ರಲ್ಲೇ ತೋರಿಸಿದ್ದರು. ಹೆಚ್ಚಳ ಸಣ್ಣದೇನಲ್ಲ, ಎರಡರಿಂದ ಮೂರು ಪಟ್ಟು. ಪಿಕೆಎ ತಡೆದರೆ ಈ ಹೆಚ್ಚಳ ಕಾಣುವುದಿಲ್ಲ. ಹಾಗಾದರೆ ಪಿಕೆಎ ಫಾಸ್ಫೇಟ್ ಅಂಟಿಸುವುದು ಎಲ್ಲಿಗೆ? ಚಾನೆಲ್‌ಗೇ ಇರಬೇಕು ಎಂದು ಬಹುತೇಕ ಎಲ್ಲರೂ ನಂಬಿದರು. ಹಾಗೆ ನಂಬುವುದು ಸಹಜವೇ ಆಗಿತ್ತು. ತಪ್ಪಿದ್ದೂ ಅಲ್ಲಿಯೇ.

ಅಳೆಯುವುದು ಹೇಗೆ, ಎಲ್ಲಿ ಎಡವುತ್ತದೆ

ಈ ಹುಡುಕಾಟ ಏಕೆ ಇಷ್ಟು ದೀರ್ಘವಾಯಿತು ಎಂಬುದು ಅರ್ಥವಾಗಬೇಕಾದರೆ ಪ್ರಯೋಗಾಲಯದ ಮೇಜಿನ ಬಳಿ ಹೋಗಬೇಕು. ಹೊರತೆಗೆದ ಹೃದಯದ ಮಹಾಪಧಮನಿಗೆ ನಳಿಕೆ ಕಟ್ಟಿ, ಕೊಲಾಜಿನೇಸ್ ಕಿಣ್ವ ಬೆರೆಸಿದ ಬೆಚ್ಚಗಿನ ದ್ರಾವಣವನ್ನು ಹಾಯಿಸಿ, ಕೋಶಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಬಳಿಕ ಕ್ಯಾಲ್ಸಿಯಂ ಅನ್ನು ಹಂತ ಹಂತವಾಗಿ ಮರಳಿ ಸೇರಿಸಬೇಕು. ಆತುರಪಟ್ಟು ಒಮ್ಮೆಗೇ ಸುರಿದರೆ ಕೋಶಗಳು ಮುದುಡಿ ಉಂಡೆಯಾಗಿ ಸಾಯುತ್ತವೆ. ಬದುಕಿದ ಕೋಶ ಕೋಲಿನಂತೆ ಉದ್ದವಾಗಿ, ಅಂಚು ಚೊಕ್ಕವಾಗಿ, ಅಡ್ಡ ಪಟ್ಟೆಗಳು ಸ್ಪಷ್ಟವಾಗಿ ಕಾಣುವಂತಿರುತ್ತದೆ.

ಒಂದೆರಡು ಮೆಗಾಓಮ್ ರೋಧದ ಗಾಜಿನ ಪಿಪೆಟ್ಟನ್ನು ಕೋಶಕ್ಕೆ ತಾಗಿಸಿ ಪೊರೆಯನ್ನು ಹರಿದು ಒಳಗಿನ ವೋಲ್ಟೇಜನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು ಪ್ಯಾಚ್ ಕ್ಲ್ಯಾಂಪ್ ವಿಧಾನ. ಪಿಪೆಟ್ಟಿನಲ್ಲಿ ಪೊಟ್ಯಾಸಿಯಂ ಬದಲು ಸೀಸಿಯಂ ಹಾಕಿದರೆ ಪೊಟ್ಯಾಸಿಯಂ ಪ್ರವಾಹ ಅಡ್ಡಬರುವುದಿಲ್ಲ. ಕೋಶವನ್ನು ಮೈನಸ್ 40 ಮಿಲಿವೋಲ್ಟ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸೋಡಿಯಂ ಚಾನೆಲ್‌ಗಳು ತಾವಾಗಿಯೇ ಸುಮ್ಮನಾಗುತ್ತವೆ. ಅಲ್ಲಿಂದ ಸೊನ್ನೆಗೆ ಏರಿಸಿದಾಗ ಕಾಣುವುದು ಬಹುಪಾಲು ಎಲ್-ಟೈಪ್ ಪ್ರವಾಹ. ಅಡ್ರಿನಲಿನ್ ಬದಲು ಸಾಮಾನ್ಯವಾಗಿ ಬಳಸುವುದು ಐಸೊಪ್ರೊಟೆರಿನಾಲ್. ಬೆಳಕು, ಗಾಳಿ ತಾಗಿದರೆ ಅದು ಕೆಡುತ್ತದೆ, ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದರೆ ಚೆಲ್ಲಬೇಕು. ಕೆಡದಿರಲೆಂದು ಆಸ್ಕಾರ್ಬಿಕ್ ಆಮ್ಲ ಸೇರಿಸುವುದುಂಟು.

ತೊಡಕು ಎರಡು ಕಡೆ. ಮೊದಲನೆಯದು: ಪೊರೆ ಹರಿದ ಕ್ಷಣದಿಂದ ಪಿಪೆಟ್ಟಿನ ದ್ರಾವಣ ಕೋಶದೊಳಗಿನ ರಸವನ್ನು ತೊಳೆಯತೊಡಗುತ್ತದೆ, ನಿಮಿಷ ಕಳೆದಂತೆ ಪ್ರವಾಹ ತಾನಾಗಿ ಕುಸಿಯುತ್ತದೆ. ಔಷಧದ ಪರಿಣಾಮ ಯಾವುದು, ಈ ಕುಸಿತ ಯಾವುದು ಎಂದು ಬೇರ್ಪಡಿಸದಿದ್ದರೆ ಲೆಕ್ಕ ತಪ್ಪುತ್ತದೆ. ಐಸೊಪ್ರೊಟೆರಿನಾಲ್‌ಗೆ ಪ್ರತಿಕ್ರಿಯೆ ಕಾಣದಿದ್ದಾಗ ಸೈಕ್ಲೇಸನ್ನು ನೇರವಾಗಿ ಎಬ್ಬಿಸುವ ಫೋರ್ಸ್ಕೊಲಿನ್ ಹಾಕಿ ನೋಡುವುದು ಇದಕ್ಕಾಗಿಯೇ. ಅದಕ್ಕೂ ಪ್ರವಾಹ ಏರದಿದ್ದರೆ ತೊಂದರೆ ಗ್ರಾಹಕದಲ್ಲಿಲ್ಲ, ಅದರ ಕೆಳಗೆಲ್ಲೋ ಇದೆ.

ಎರಡನೆಯದು ಇನ್ನೂ ಗಂಭೀರ. ಹೃದಯದ ಚಾನೆಲ್‌ನ ವಂಶವಾಹಿಯನ್ನು ಎಚ್‌ಇಕೆ-293ರಂಥ ಸಾಕಿದ ಕೋಶಗಳಿಗೆ ಹಾಕಿದರೆ ಚಾನೆಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪಿಕೆಎಗೆ ಸರಿಯಾಗಿ ಓಗೊಡುವುದಿಲ್ಲ. ಬೇಕಾದ ಭಾಗಗಳೆಲ್ಲ ಇವೆ, ಆದರೂ ಹೃದಯದಲ್ಲಿ ಕಾಣುವ ಎರಡು-ಮೂರು ಪಟ್ಟು ಏರಿಕೆ ಅಲ್ಲಿ ಸಿಗದು. ಹೃದಯದಲ್ಲಿರುವ ಯಾವುದೋ ಒಂದು ಭಾಗ ಆ ಕೋಶಗಳಲ್ಲಿಲ್ಲ ಎಂಬುದಕ್ಕೆ ಇದು ದೊಡ್ಡ ಸುಳಿವಾಗಿತ್ತು. ಅದನ್ನು ಸುಳಿವೆಂದು ಓದುವ ಬದಲು ಪ್ರಯೋಗದ ತಾಂತ್ರಿಕ ತೊಂದರೆ ಎಂದು ಬಗೆದವರೇ ಬಹಳ.

ಒಂದೊಂದೇ ಜಾಗ ಬಿದ್ದದ್ದು

ಚಾನೆಲ್‌ನ ಮುಖ್ಯ ಭಾಗ ಆಲ್ಫಾ-1ಸಿ. ಅದಕ್ಕೆ ಒಳಬದಿಯಿಂದ ಅಂಟಿಕೊಂಡಿರುವುದು ಬೀಟಾ ಉಪಘಟಕ. ಇದು ಬೀಟಾ ಗ್ರಾಹಕವಲ್ಲ, ಹೆಸರು ಹೋಲುತ್ತದೆ ಅಷ್ಟೆ. ಆಲ್ಫಾ-1ಸಿಯ 1928ನೇ ಸ್ಥಾನದ ಸೆರೀನ್ ಎಂಬ ಅಮೈನೊ ಆಮ್ಲದ ಮೇಲೆ ಬಹುಕಾಲ ಎಲ್ಲರ ಕಣ್ಣಿತ್ತು. 2008ರಲ್ಲಿ ಆ ಸೆರೀನನ್ನು ಬದಲಿಸಿದ ಇಲಿಗಳನ್ನು ಸೃಷ್ಟಿಸಿ ನೋಡಿದರು. ಅಡ್ರಿನಲಿನ್ ಪ್ರತಿಕ್ರಿಯೆ ಎಂದಿನಂತೆಯೇ ಇತ್ತು. ಆಮೇಲೆ ಗಮನ 1700 ಮತ್ತು 1704ನೇ ಸ್ಥಾನಗಳತ್ತ ಹೊರಳಿತು. ಆ ವಾದಕ್ಕೆ ಸಿಯಾಟಲ್‌ನ ವಿಲಿಯಂ ಕ್ಯಾಟರಾಲ್ ಅವರಂಥ ದೊಡ್ಡ ಹೆಸರಿನ ಬೆಂಬಲವೂ ಇತ್ತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಮಾರ್ಕ್ಸ್ ತಂಡ ಹಿಡಿದ ದಾರಿ ಬೇರೆ. ಇಲಿಯ ಹೃದಯದಲ್ಲಿ ಅದರ ಸ್ವಂತ ಚಾನೆಲ್ ಇದ್ದೇ ಇರುತ್ತದೆ, ಹೊಸದಾಗಿ ಸೇರಿಸಿದ ಚಾನೆಲ್‌ನ ಪ್ರವಾಹವನ್ನು ಮಾತ್ರ ಅಳೆಯುವುದು ಹೇಗೆ? ಅವರು ಹೊಸ ಚಾನೆಲ್‌ನಲ್ಲಿ ನಿಸೋಲ್ಡಿಪಿನ್ ಎಂಬ ಔಷಧ ಕೂರುವ ಜಾಗವನ್ನು ಕೆಡಿಸಿದರು. ದ್ರಾವಣಕ್ಕೆ 300 ನ್ಯಾನೊಮೋಲಾರ್ ನಿಸೋಲ್ಡಿಪಿನ್ ಹಾಕಿದರೆ ಇಲಿಯ ಸ್ವಂತ ಚಾನೆಲ್‌ಗಳು ಮುಚ್ಚುತ್ತವೆ, ಉಳಿಯುವ ಪ್ರವಾಹವೆಲ್ಲ ಹೊಸದರದ್ದು. ಇಡೀ ಕ್ಷೇತ್ರದ ಜಗಳವನ್ನು ಬಗೆಹರಿಸಿದ್ದು ಈ ಜಾಣ್ಮೆ ಎಂದರೆ ಅತಿಶಯವಲ್ಲ. ಹೀಗೆ ಆಲ್ಫಾ-1ಸಿಯಲ್ಲಿ ಫಾಸ್ಫೇಟ್ ಅಂಟಬಹುದಾದ 35 ಜಾಗಗಳನ್ನೂ, ಬೀಟಾ ಉಪಘಟಕದ 28 ಜಾಗಗಳನ್ನೂ ಅಳಿಸಿಹಾಕಿದರು. ಅಡ್ರಿನಲಿನ್ ಪ್ರತಿಕ್ರಿಯೆ ಆಗಲೂ ಉಳಿದೇ ಇತ್ತು. ಆದರೆ 2019ರಲ್ಲಿ ಬೀಟಾ ಉಪಘಟಕ ಆಲ್ಫಾ-1ಸಿಗೆ ಅಂಟದಂತೆ ಮಾಡಿದಾಗ ಪ್ರತಿಕ್ರಿಯೆ ಮಾಯವಾಯಿತು. ಫಾಸ್ಫೇಟ್ ಚಾನೆಲ್‌ಗೆ ಅಂಟಬೇಕೆಂದೇನೂ ಇಲ್ಲ, ಆದರೂ ಬೀಟಾ ಉಪಘಟಕವಿಲ್ಲದೆ ಕೆಲಸ ನಡೆಯದು. ಅಂದರೆ ಬೀಟಾ ಉಪಘಟಕಕ್ಕೆ ಅಂಟಿಕೊಂಡ ಮೂರನೆಯದೊಂದು ಪ್ರೊಟೀನ್ ಇರಬೇಕು.

ಅದನ್ನು ಹಿಡಿಯಲು ಬಳಸಿದ್ದು ಸಾಮೀಪ್ಯ ಗುರುತು ವಿಧಾನ. ಚಾನೆಲ್‌ಗೆ ಒಂದು ಪೆರಾಕ್ಸಿಡೇಸ್ ಕಿಣ್ವವನ್ನು ಹೆಣೆದು, ಕೋಶಕ್ಕೆ ಬಯೋಟಿನ್-ಫೀನಾಲ್ ಉಣಿಸಿ, ಬಹಳ ಅಲ್ಪ ಹೊತ್ತು ಹೈಡ್ರೋಜನ್ ಪೆರಾಕ್ಸೈಡ್ ತಾಗಿಸುತ್ತಾರೆ. ಆ ಹೊತ್ತಿನಲ್ಲಿ ಚಾನೆಲ್‌ನ ಕೆಲವೇ ನ್ಯಾನೊಮೀಟರ್ ಸುತ್ತಳತೆಯಲ್ಲಿ ಇದ್ದ ಪ್ರೊಟೀನುಗಳಿಗೆಲ್ಲ ಬಯೋಟಿನ್ ಮುದ್ರೆ ಬೀಳುತ್ತದೆ. ಪೆರಾಕ್ಸೈಡ್ ಹೆಚ್ಚು ಹೊತ್ತು ಉಳಿದರೆ ಮುದ್ರೆ ದೂರದ ಪ್ರೊಟೀನುಗಳ ಮೇಲೂ ಬಿದ್ದು ಫಲಿತಾಂಶ ಕಲಸಿಹೋಗುತ್ತದೆ, ಹಾಗಾಗಿ ಕೂಡಲೇ ತಡೆದುಬಿಡಬೇಕು. ಮುದ್ರೆ ಬಿದ್ದವನ್ನು ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿದಾಗ ನೂರಾರು ಪ್ರೊಟೀನುಗಳ ಪಟ್ಟಿ ಸಿಕ್ಕಿತು. ಐಸೊಪ್ರೊಟೆರಿನಾಲ್ ಕೊಟ್ಟಾಗ ಚಾನೆಲ್‌ನ ಬಳಿಯಿಂದ ದೂರ ಸರಿದದ್ದು ರ‍್ಯಾಡ್ ಎಂಬ ಸಣ್ಣ ಜಿ ಪ್ರೊಟೀನ್. 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ರ‍್ಯಾಡ್ ಹೊಸ ಪ್ರೊಟೀನ್ ಏನಲ್ಲ. 1993ರಲ್ಲಿ ಮಧುಮೇಹಿಗಳ ಸ್ನಾಯುವಿನಲ್ಲಿ ಪತ್ತೆಯಾಗಿತ್ತು. ಕ್ಯಾಲ್ಸಿಯಂ ಚಾನೆಲ್ ಅನ್ನು ಅದು ತಡೆಯುತ್ತದೆ ಎಂದೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅದು ಅಡ್ರಿನಲಿನ್ ಕಥೆಯ ಕೊನೆಯ ಕೊಂಡಿ ಎಂಬುದು. ವಿಶ್ರಾಂತಿಯಲ್ಲಿ ರ‍್ಯಾಡ್ ಬೀಟಾ ಉಪಘಟಕವನ್ನು ಹಿಡಿದುಕೊಂಡು ಚಾನೆಲ್‌ಗೆ ಕಡಿವಾಣ ಹಾಕಿರುತ್ತದೆ. ಪಿಕೆಎ ರ‍್ಯಾಡ್‌ನ ನಾಲ್ಕು ಸೆರೀನ್‌ಗಳಿಗೆ ಫಾಸ್ಫೇಟ್ ಅಂಟಿಸಿದಾಗ ಹಿಡಿತ ಸಡಿಲವಾಗಿ, ಚಾನೆಲ್ ತೆರೆದಿರುವ ಸಾಧ್ಯತೆ ಏರುತ್ತದೆ. ಎಚ್‌ಇಕೆ ಕೋಶಗಳಿಗೆ ರ‍್ಯಾಡ್ ಸೇರಿಸಿದಾಗ, ಅಷ್ಟು ವರ್ಷ ಓಗೊಡದಿದ್ದ ಚಾನೆಲ್ ಅಲ್ಲಿಯೂ ಪಿಕೆಎಗೆ ಓಗೊಟ್ಟಿತು. ಅಲ್ಲಿ ಇಲ್ಲದಿದ್ದ ಭಾಗ ಇದೇ.

2022ರಲ್ಲಿ ಇದೇ ತಂಡ ರ‍್ಯಾಡ್‌ನ ಆ ನಾಲ್ಕು ಸೆರೀನ್‌ಗಳನ್ನಷ್ಟೇ ಬದಲಿಸಿದ ಇಲಿಗಳನ್ನು ತಯಾರಿಸಿತು. ಉಳಿದೆಲ್ಲ ಪ್ರೊಟೀನುಗಳ ಮೇಲೆ ಪಿಕೆಎ ಎಂದಿನಂತೆ ಕೆಲಸ ಮಾಡುತ್ತಿತ್ತು. ಆದರೂ ಹೃದಯದ ಬಡಿತ ನಿಧಾನವಾಯಿತು, ಮೂಲ ಸಂಕೋಚನವೇ ಕುಗ್ಗಿತು, ಅಡ್ರಿನಲಿನ್‌ಗೆ ಬಲ ಏರುವುದು ಬಹುತೇಕ ನಿಂತಿತು, ಇಲಿಗಳ ಓಡುವ ಶಕ್ತಿ ತಗ್ಗಿತು. ಬಳಿಕ ರ‍್ಯಾಡ್‌ಗೆ ಅಂಟದ ಬೀಟಾ ಉಪಘಟಕವನ್ನು ಅದೇ ಇಲಿಗಳಿಗೆ ಕೊಟ್ಟರು. ಅಡ್ರಿನಲಿನ್ ಇಲ್ಲದೆಯೇ ಸಂಕೋಚನ, ಸಹಜ ಇಲಿಯಲ್ಲಿ ಅಡ್ರಿನಲಿನ್ ಬಂದಾಗ ಕಾಣುವ ಮಟ್ಟಕ್ಕೆ ಏರಿತು.

ಎರಡು ಕಡಿವಾಣ

ಇದನ್ನು ಓದುವಾಗ ಫಾಸ್ಫೊಲ್ಯಾಂಬನ್ ನೆನಪಾಗದಿರದು. ಸರ್ಕಾ ಪಂಪನ್ನು ವಿಶ್ರಾಂತಿಯಲ್ಲಿ ತಡೆಹಿಡಿಯುವ ಪುಟ್ಟ ಪ್ರೊಟೀನ್ ಅದು. ಅದರ 16ನೇ ಸೆರೀನ್‌ಗೆ ಪಿಕೆಎ ಫಾಸ್ಫೇಟ್ ಅಂಟಿಸಿದರೆ ಪಂಪ್ ಸ್ವತಂತ್ರವಾಗುತ್ತದೆ. ಒಳಹರಿವಿಗೊಂದು ಕಡಿವಾಣ ರ‍್ಯಾಡ್, ಮರಳಿ ಎಳೆದುಕೊಳ್ಳುವುದಕ್ಕೊಂದು ಕಡಿವಾಣ ಫಾಸ್ಫೊಲ್ಯಾಂಬನ್, ಎರಡನ್ನೂ ಸಡಿಲಿಸುವುದು ಒಂದೇ ಕಿಣ್ವ. ಎರಡೂ ಒಟ್ಟಿಗೇ ಸಡಿಲವಾಗುವುದರಿಂದಲೇ ಬಡಿತ 70ರಿಂದ 150ಕ್ಕೆ ಏರಿದಾಗ ಹೃದಯ ಜೋರಾಗಿ ಕುಗ್ಗುವುದಷ್ಟೇ ಅಲ್ಲ, ಬೇಗನೆ ಹಿಗ್ಗುತ್ತದೆ ಕೂಡ. ಹಿಗ್ಗಲು ಸಮಯ ಸಾಲದಿದ್ದರೆ ರಕ್ತ ತುಂಬುವುದಿಲ್ಲ. ತುಂಬದ ಹೃದಯ ಎಷ್ಟು ಜೋರಾಗಿ ಕುಗ್ಗಿದರೇನು?

ಈ ಸಂದೇಶವನ್ನು ನಂದಿಸುವ ವ್ಯವಸ್ಥೆಯೂ ಪಕ್ಕದಲ್ಲೇ ಇದೆ. ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಅಸೆಟೈಲ್‌ಕೋಲಿನ್ ಎಂ-2 ಗ್ರಾಹಕದ ಮೂಲಕ ಸೈಕ್ಲೇಸನ್ನು ತಡೆಯುತ್ತದೆ. ಫಾಸ್ಫೊಡೈಎಸ್ಟರೇಸ್ ಕಿಣ್ವಗಳು ಸೈಕ್ಲಿಕ್ ಎಎಂಪಿಯನ್ನು ಒಡೆಯುತ್ತವೆ. ಫಾಸ್ಫಟೇಸ್‌ಗಳು ಅಂಟಿದ ಫಾಸ್ಫೇಟನ್ನು ಕಿತ್ತುಹಾಕುತ್ತವೆ. ಮಿಲ್ರಿನೋನ್ ತಡೆಯುವುದು ಫಾಸ್ಫೊಡೈಎಸ್ಟರೇಸ್-3 ಎಂಬುದನ್ನು.

ಹಾಗಾದರೆ ಅದು ಕೆಡುಕು ಮಾಡಿದ್ದು ಏಕೆ? ಸೈಕ್ಲಿಕ್ ಎಎಂಪಿ ಏರಿಸುವ ಔಷಧ ರ‍್ಯಾಡ್ ಒಂದನ್ನೇ ಸಡಿಲಿಸುವುದಿಲ್ಲ. ಒಳಹರಿವು, ಪಂಪು, ಬಡಿತದ ವೇಗ, ಆಮ್ಲಜನಕದ ಬೇಡಿಕೆ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಸೋತ ಹೃದಯಕ್ಕೆ ವರ್ಷಗಟ್ಟಲೆ ಅಡ್ರಿನಲಿನ್ ಪೆಟ್ಟು ಆಗಲೇ ಬಿದ್ದಿರುತ್ತದೆ. 1982ರಲ್ಲಿ ಮೈಕೆಲ್ ಬ್ರಿಸ್ಟೋ ಮತ್ತು ಸಂಗಡಿಗರು ಅಂಥ ಹೃದಯಗಳಲ್ಲಿ ಬೀಟಾ ಗ್ರಾಹಕಗಳು ಅರ್ಧದಷ್ಟು ಕಡಿಮೆಯಾಗಿರುವುದನ್ನು ತೋರಿಸಿದ್ದರು. ಅತಿಯಾದ ಸಂದೇಶದಿಂದ ಕೋಶ ತನ್ನನ್ನು ತಾನೇ ಕಾಪಾಡಿಕೊಳ್ಳುವ ಕ್ರಮ ಅದು. ಮಿಲ್ರಿನೋನ್ ಈ ರಕ್ಷಣೆಯನ್ನು ದಾಟಿ ಒಳಗಿಂದಲೇ ಸಂದೇಶವನ್ನು ಜೋರು ಮಾಡುತ್ತದೆ. ತುಂಬಿ ತುಳುಕುವ ಸಂಗ್ರಹದಿಂದ ಬಡಿತಗಳ ನಡುವೆ ಕ್ಯಾಲ್ಸಿಯಂ ಸೋರುತ್ತದೆ, ಅದನ್ನು ಹೊರಹಾಕುವಾಗ ವಿನಿಮಯಕಾರಿ ಮೂರು ಸೋಡಿಯಂ ಒಳತಂದು ಒಂದು ಕ್ಯಾಲ್ಸಿಯಂ ಹೊರಹಾಕುವುದರಿಂದ ಪೊರೆಯ ವೋಲ್ಟೇಜ್ ಮೇಲೇರುತ್ತದೆ, ಅಕಾಲದಲ್ಲಿ ಒಂದು ಬಡಿತ ಹುಟ್ಟುತ್ತದೆ. ಅಂಥವು ಸರಣಿಯಾದರೆ ಪ್ರಾಣಕ್ಕೇ ಅಪಾಯ. ಆಸ್ಪತ್ರೆಯ ಐಸಿಯುನಲ್ಲಿ ಡೊಬುಟಮಿನ್ (ಬೀಟಾ ಗ್ರಾಹಕವನ್ನು ಚುರುಕುಗೊಳಿಸುವ ಔಷಧ), ಮಿಲ್ರಿನೋನ್ ಡ್ರಿಪ್‌ಗಳಿಗೆ ಇಂದಿಗೂ ಜಾಗವಿದೆ. ಅದು ಮಾನಿಟರ್ ಎದುರಿನಲ್ಲಿ, ಕಷ್ಟದ ಕೆಲವು ದಿನ ದಾಟಿಸಲು.

ನಮ್ಮ ಮನೆಗಳ ಗುಳಿಗೆ ಡಬ್ಬಿಯಲ್ಲಿ ಈ ವಿಜ್ಞಾನ ನೇರವಾಗಿ ಕಾಣಿಸುವುದು ಬೀಟಾ ಬ್ಲಾಕರ್‌ಗಳಲ್ಲಿ. ಹೃದಯ ವೈಫಲ್ಯಕ್ಕೆ ಕಾರ್ವೆಡಿಲಾಲ್ ಶುರುಮಾಡುವುದು ದಿನಕ್ಕೆರಡು ಬಾರಿ 3.125 ಮಿಲಿಗ್ರಾಂನಿಂದ, ತಡೆದುಕೊಂಡರೆ ಸುಮಾರು ಎರಡು ವಾರಕ್ಕೊಮ್ಮೆ ದ್ವಿಗುಣ. ಮೊದಲ ವಾರಗಳಲ್ಲಿ ಆಯಾಸ ಹೆಚ್ಚಾಗುವುದುಂಟು, ಏಕೆಂದರೆ ಹೃದಯ ನೆಚ್ಚಿಕೊಂಡಿದ್ದ ಸಂದೇಶವನ್ನೇ ಕಡಿತಗೊಳಿಸುತ್ತಿದ್ದೇವೆ. ಈ ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯಕರ. ತಡೆಯಿದ್ದ ಕಾಲದಲ್ಲಿ ಗ್ರಾಹಕಗಳ ಸಂಖ್ಯೆ ಏರಿರುತ್ತದೆ, ಒಮ್ಮೆಲೇ ತಡೆ ತೆಗೆದರೆ ಅಷ್ಟೂ ಗ್ರಾಹಕಗಳಿಗೆ ಅಡ್ರಿನಲಿನ್ ಮುಟ್ಟುತ್ತದೆ. ವೈದ್ಯರು ಒಂದೆರಡು ವಾರಗಳಲ್ಲಿ ಇಳಿಸುತ್ತಾ ಬರುವುದು ಅದಕ್ಕೇ. ಮಾತ್ರೆ ಮುಗಿದಿದೆ, ಮುಂದಿನ ತಿಂಗಳು ತಂದರಾಯಿತು ಎಂಬ ಅಸಡ್ಡೆ ಇಲ್ಲಿ ಸಲ್ಲದು.

ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳೆಲ್ಲ ಒಂದೇ ಅಲ್ಲ. ಅಮ್ಲೋಡಿಪಿನ್ ಹೆಚ್ಚಾಗಿ ರಕ್ತನಾಳದ ಮೇಲೆ ಕೆಲಸ ಮಾಡುತ್ತದೆ, ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್ ಹೃದಯದ ಮೇಲೂ. ಅಮ್ಲೋಡಿಪಿನ್ ಗುಂಪಿನ ಔಷಧಗಳು ಪೊರೆಯ ವೋಲ್ಟೇಜ್ ಏರಿರುವಾಗ ಚಾನೆಲ್‌ಗೆ ಬಲವಾಗಿ ಅಂಟುತ್ತವೆ. ರಕ್ತನಾಳದ ಸ್ನಾಯುಕೋಶ ಮೈನಸ್ 50ರ ಆಸುಪಾಸಿನಲ್ಲೇ ಇರುತ್ತದೆ. ಹೃದಯದ ಕೋಶ ಬಡಿತಗಳ ನಡುವೆ ಮೈನಸ್ 85ರಷ್ಟು ಕೆಳಗೆ ಇಳಿಯುತ್ತದೆ. ಬೀಟಾ ಬ್ಲಾಕರ್ ಜೊತೆ ವೆರಾಪಮಿಲ್ ಸೇರಿದರೆ ಚಾನೆಲ್‌ಗೆ ಎರಡು ಕಡೆಯಿಂದ ತಡೆ, ಬಡಿತ ಅತಿ ನಿಧಾನವಾಗಿ ವಿದ್ಯುತ್ ದಾರಿಯೇ ಕಟ್ಟಿಹೋಗಬಹುದು. ಇಬ್ಬರು ಬೇರೆ ಬೇರೆ ವೈದ್ಯರ ಚೀಟಿಗಳಿಂದ ಈ ಜೋಡಿ ಒಂದಾಗದಂತೆ ನೋಡಿಕೊಳ್ಳಬೇಕು: ಹೊಸ ವೈದ್ಯರಿಗೆ ಹಳೆಯ ಮಾತ್ರೆಗಳನ್ನೆಲ್ಲ ತೋರಿಸಿ.

ರ‍್ಯಾಡ್‌ಗೆ ಔಷಧ ಬರುವುದೇ?

ಗುರಿ ಸ್ಪಷ್ಟ: ರ‍್ಯಾಡ್ ಮತ್ತು ಬೀಟಾ ಉಪಘಟಕದ ಹಿಡಿತವನ್ನು ಮಾತ್ರ ಬಿಡಿಸಿದರೆ ಸೈಕ್ಲಿಕ್ ಎಎಂಪಿ ಏರಿಸದೆ ಸಂಕೋಚನ ಹೆಚ್ಚಿಸಬಹುದು. ಇಲಿಯಲ್ಲಿ ರ‍್ಯಾಡ್ ವಂಶವಾಹಿ ತೆಗೆದಾಗ ಕ್ಯಾಲ್ಸಿಯಂ ಪ್ರವಾಹ, ಹೃದಯದ ಬಲ ಎರಡೂ ಹೆಚ್ಚಿದ್ದನ್ನು ಕೆಂಟಕಿಯ ಸಂಶೋಧಕರು ಕಂಡಿದ್ದಾರೆ. ಇದರ ಎದುರಿಗೆ ನಿಲ್ಲುವ ಫಲಿತಾಂಶವೂ ಇದೆ. ಸೋತ ಮನುಷ್ಯ ಹೃದಯಗಳಲ್ಲಿ ರ‍್ಯಾಡ್ ಮಟ್ಟ ಕಡಿಮೆಯಿದೆ, ರ‍್ಯಾಡ್ ಇಲ್ಲದ ಇಲಿಗಳಿಗೆ ರಕ್ತದೊತ್ತಡದ ಹೊರೆ ಹೊರಿಸಿದರೆ ಹೃದಯ ಹೆಚ್ಚು ದಪ್ಪವಾಗುತ್ತದೆ ಎಂದು 2007ರ ಅಧ್ಯಯನವೊಂದು ವರದಿ ಮಾಡಿತ್ತು. ಸೋತ ಹೃದಯದಲ್ಲಿ ಕಡಿವಾಣ ಆಗಲೇ ಸಡಿಲವಾಗಿದ್ದರೆ ಇನ್ನಷ್ಟು ಸಡಿಲಿಸಿ ಲಾಭವೇನು?

ನನ್ನ ಅಭಿಪ್ರಾಯದಲ್ಲಿ ತೀರ್ಮಾನ ನಿಂತಿರುವುದು ಹೊರಹರಿವಿನ ಮೇಲೆ. ರ‍್ಯಾಡ್ ಮಾತ್ರ ಸಡಿಲಿಸಿದರೆ ಒಳಬರುವುದು ಹೆಚ್ಚುತ್ತದೆ, ಆದರೆ ಫಾಸ್ಫೊಲ್ಯಾಂಬನ್ ಕಡಿವಾಣ ಹಾಗೆಯೇ ಉಳಿದು ಪಂಪ್ ಚುರುಕಾಗುವುದಿಲ್ಲ. ಪಂಪಿನ ಪಾಲು ಶೇ 92 ಇರುವ ಇಲಿ ಇದನ್ನು ನಿಭಾಯಿಸೀತು. ಶೇ 70 ಇರುವ, ಅದರಲ್ಲೂ ಸರ್ಕಾ ಕುಂಠಿತವಾದ ಮನುಷ್ಯ ಹೃದಯದಲ್ಲಿ ಉಳಿದ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತದೆ? ಮೊಲ, ಹಂದಿಯಂಥ, ಮನುಷ್ಯನಿಗೆ ಹತ್ತಿರದ ಹಂಚಿಕೆಯುಳ್ಳ ಪ್ರಾಣಿಗಳಲ್ಲಿ, ಆಗಲೇ ಸೋತ ಹೃದಯದಲ್ಲಿ, ದಿನಗಟ್ಟಲೆ ಅಲ್ಲ ತಿಂಗಳುಗಟ್ಟಲೆ, ಬಡಿತದ ಲಯವನ್ನು ನಿರಂತರವಾಗಿ ದಾಖಲಿಸುತ್ತಾ ನಡೆಸುವ ಪರೀಕ್ಷೆಯೇ ಇದಕ್ಕೆ ಉತ್ತರ ಕೊಡಬೇಕು. ಸಂಕೋಚನದ ಬಲ ಎಷ್ಟು ಏರಿತು ಎಂಬ ಅಳತೆ ಮಿಲ್ರಿನೋನ್ ವಿಷಯದಲ್ಲೂ ಚೆನ್ನಾಗಿಯೇ ಬಂದಿತ್ತು.